ಫೀಸು ಇಲ್ಲ, ಕೆಲಸ ಕಡ್ಡಾಯ: ಬೆರಿಯಾ ಕಾಲೇಜಿನ ಲೆಕ್ಕ

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬೆರಿಯಾ ಎಂಬ ಸಣ್ಣ ಊರಿದೆ. ಊರಿನ ಹೆಸರಿನದೇ ಒಂದು ವಸತಿ ಕಾಲೇಜು ಅಲ್ಲಿದೆ. ಆ ಕಾಲೇಜು 1892ರಿಂದ ಇಲ್ಲಿಯವರೆಗೆ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ. ಬಡ ಮತ್ತು ಕಡಿಮೆ ಆದಾಯದ ಮನೆಯ ಮಕ್ಕಳಿಗೇ ಅಲ್ಲಿ ಪ್ರವೇಶ. ಸುಮಾರು 1,500 ಮಂದಿ ಓದುತ್ತಾರೆ. ಓದುವ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಬೇಕು. ನನಗೆ ಆಗುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಇದನ್ನು ಕೇಳಿದ ಕೂಡಲೇ ನಮಗೆ ಹೊಳೆಯುವುದು ಒಂದೇ ಅರ್ಥ: ಫೀಸನ್ನು ಹಣದಲ್ಲಿ ಕೊಡುವ ಬದಲು ಮೈಕೆಲಸದಲ್ಲಿ ಕೊಡುತ್ತಾರೆ. ನಾನೂ ಹಾಗೆಯೇ ಓದಿಕೊಂಡು ಹೋಗಬಹುದಿತ್ತು. ಆದರೆ ವಾಣಿಜ್ಯ ವಿಭಾಗದವರಿಗೆ ಕ್ಯಾಲ್ಕ್ಯುಲೇಟರ್ ಕೈಗೆತ್ತಿಕೊಳ್ಳುವ ಚಾಳಿ ಇರುತ್ತದಲ್ಲ. ಲೆಕ್ಕ ಹಾಕಿದರೆ ಆ ಅರ್ಥ ನಿಲ್ಲುವುದಿಲ್ಲ. ಅದು ಏಕೆ ನಿಲ್ಲುವುದಿಲ್ಲ, ಹಾಗಾದರೆ ಕೆಲಸವನ್ನು ಕಡ್ಡಾಯ ಮಾಡಿರುವುದೇಕೆ, ಮತ್ತು ಹಾಸ್ಟೆಲ್ ಇರುವ ನಮ್ಮಂಥ ಕಾಲೇಜುಗಳು ಇದರಲ್ಲಿ ಯಾವುದನ್ನು ತೆಗೆದುಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲು ಕೆಲಸ ಎಂದರೆ ಏನು ಎಂದು ನೋಡೋಣ. ಅಡುಗೆಮನೆ, ಹೊಲ, ಗ್ರಂಥಾಲಯ, ಕಂಪ್ಯೂಟರ್ ವಿಭಾಗ, ಕಚೇರಿ, ಪ್ರಯೋಗಾಲಯ, ಕಟ್ಟಡಗಳ ಶುಚಿತ್ವ, ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಡುವುದು ಹೀಗೆ ಕಾಲೇಜಿನಲ್ಲಿ ಎಷ್ಟು ವಿಭಾಗಗಳಿವೆಯೋ ಅಷ್ಟು ಬಗೆಯ ಕೆಲಸ. 1909ರಲ್ಲಿ ಕಟ್ಟಿದ ಬೂನ್ ಟ್ಯಾವರ್ನ್ ಎಂಬ ಹೋಟೆಲ್ ಕಾಲೇಜಿಗೇ ಸೇರಿದ್ದು. ಅಲ್ಲಿಯೂ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ. ನೇಯ್ಗೆ, ಮರಗೆಲಸ, ಪೊರಕೆ ಕಟ್ಟುವುದು ಇವೂ ಇವೆ. ಪೊರಕೆ ಎಂದರೆ ನಗಬೇಡಿ. ಸುಮಾರು ನೂರು ವರ್ಷಗಳಿಂದ ನಡೆಯುತ್ತಿರುವ ಕಾರ್ಯಾಗಾರ ಅದು, ಅಲ್ಲಿಯ ಪೊರಕೆಯನ್ನು ಜನ ಮನೆಯ ಗೋಡೆಗೆ ಅಲಂಕಾರಕ್ಕೆ ತೂಗುಹಾಕಲು ಕೊಳ್ಳುತ್ತಾರೆ.

ಪ್ರತಿ ಕೆಲಸಕ್ಕೂ ಒಬ್ಬ ಮೇಲ್ವಿಚಾರಕ ಇರುತ್ತಾರೆ. ಕೆಲಸದ ಗುಣಮಟ್ಟಕ್ಕೆ ಮೌಲ್ಯಮಾಪನ ಇರುತ್ತದೆ, ಅದು ದಾಖಲೆಯಾಗುತ್ತದೆ. ಅಂಕಪಟ್ಟಿಯ ಜೊತೆಗೆ ಕೆಲಸದ ಪಟ್ಟಿಯೂ ಕೈಗೆ ಬರುತ್ತದೆ. ಪದೇ ಪದೇ ತಪ್ಪಿಸಿಕೊಂಡರೆ ಹಾಜರಾತಿ ಕಡಿಮೆಯಾದಾಗ ನಮಗೆ ಆಗುವಂತೆಯೇ ಎಚ್ಚರಿಕೆ, ಮುಂದೆ ಅಮಾನತಿನವರೆಗೂ ಹೋಗುತ್ತದೆ. ಕೆಲಸಕ್ಕೆ ಗಂಟೆಗೆ ಇಷ್ಟು ಎಂದು ಸಣ್ಣ ಸಂಬಳವೂ ಇದೆ, ಪುಸ್ತಕ, ಬಟ್ಟೆ, ಊರಿಗೆ ಹೋಗಿಬರುವ ಖರ್ಚಿಗೆ ಆಗುವಷ್ಟು.

ಈಗ ಲೆಕ್ಕ. ವಾರಕ್ಕೆ 10 ಗಂಟೆ, ವರ್ಷದಲ್ಲಿ ಓದಿನ ವಾರಗಳು 30 ಎಂದು ಹಿಡಿಯೋಣ. ಒಟ್ಟು 300 ಗಂಟೆ. ಅಮೆರಿಕದ ಕೇಂದ್ರ ಸರಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. 300ನ್ನು 7.25ರಿಂದ ಗುಣಿಸಿದರೆ 2,175 ಡಾಲರ್. ಒಬ್ಬ ವಿದ್ಯಾರ್ಥಿಯ ಮೇಲೆ ಕಾಲೇಜು ವರ್ಷಕ್ಕೆ ಮಾಡುವ ಖರ್ಚು ಇದರ ಹತ್ತು ಪಟ್ಟಿಗಿಂತಲೂ ಹೆಚ್ಚು. ಅಂದರೆ ವಿದ್ಯಾರ್ಥಿ ಎಷ್ಟು ಬೆವರು ಸುರಿಸಿದರೂ ತನ್ನ ಫೀಸಿನ ಹತ್ತನೇ ಒಂದು ಪಾಲನ್ನೂ ದುಡಿದು ತೀರಿಸಲಾರ. ಅದರ ಮೇಲೆ ಕಾಲೇಜು ಆತನಿಗೆ ಸಂಬಳವನ್ನೂ ಕೊಡುತ್ತದೆ, ಕಲಿಸಲು ಮೇಲ್ವಿಚಾರಕರನ್ನೂ ಇಟ್ಟಿದೆ. ಹೊಸಬರು ಸಾಮಾನು ಹಾಳು ಮಾಡುತ್ತಾರೆ, ಕೆಲಸ ಕಲಿತವರು ಓದು ಮುಗಿಸಿ ಹೊರಟುಹೋಗುತ್ತಾರೆ. ಬರೀ ಲಾಭದ ಕಣ್ಣಿನಿಂದ ನೋಡುವ ಮ್ಯಾನೇಜರ್ ಇಂಥ ಕೆಲಸಗಾರರನ್ನು ಇಟ್ಟುಕೊಳ್ಳುವುದೇ ಇಲ್ಲ.

ಹಾಗಾದರೆ ಫೀಸನ್ನು ಕಟ್ಟುತ್ತಿರುವವರು ಯಾರು? ಉತ್ತರ ದತ್ತಿ ನಿಧಿಯಲ್ಲಿದೆ. ಬೆರಿಯಾದ ಬಳಿ 100 ಕೋಟಿ ಡಾಲರಿಗೂ ಮೀರಿದ ದತ್ತಿ ನಿಧಿ ಇದೆ. ಅದರ ಅಸಲನ್ನು ಮುಟ್ಟದೆ, ಬರುವ ಆದಾಯದಿಂದಲೇ ಕಾಲೇಜಿನ ಖರ್ಚಿನ ದೊಡ್ಡ ಪಾಲು ನಡೆಯುತ್ತದೆ. ಈ ನಿಧಿ ಬೆಳೆದದ್ದು ಹೇಗೆ ಎಂಬುದು ಲೆಕ್ಕಶಾಸ್ತ್ರದ ಒಂದು ಪಾಠವೇ ಆಗಿದೆ. ಲಾಭರಹಿತ ಸಂಸ್ಥೆಗಳ ಲೆಕ್ಕದಲ್ಲಿ ಲೆಗಸಿ, ಅಂದರೆ ಉಯಿಲಿನ ಮೂಲಕ ಬಂದ ಹಣವನ್ನು ಆದಾಯ ಎಂದು ಬರೆಯದೆ ಬಂಡವಾಳ ಎಂದು ಬರೆಯುವುದನ್ನು ನಾವು ಕಲಿಯುತ್ತೇವೆ. ಪರೀಕ್ಷೆಯಲ್ಲಿ ಅರ್ಧ ಅಂಕ ಹೋಗುವ ಜಾಗ ಅದು. ಬೆರಿಯಾದ ಆಡಳಿತ ಮಂಡಳಿ 1920ರಲ್ಲಿ ಇದನ್ನೇ ನಿರ್ಧಾರವಾಗಿ ತೆಗೆದುಕೊಂಡಿತು: ಇಂಥದ್ದಕ್ಕೇ ಎಂದು ಗೊತ್ತುಪಡಿಸದೆ ಉಯಿಲಿನಲ್ಲಿ ಬಂದ ಹಣವೆಲ್ಲ ಆ ವರ್ಷದ ಖರ್ಚಿಗೆ ಹೋಗದೆ ನಿಧಿಗೆ ಸೇರಬೇಕು. ನೂರು ವರ್ಷ ಹೀಗೆ ಮಾಡಿದ್ದರ ಫಲ ಇಂದಿನ ಮಕ್ಕಳು ಕಟ್ಟದೆ ಉಳಿದ ಫೀಸು.

ಇದನ್ನು ಓದುವಾಗ ನಮ್ಮಲ್ಲಿ ಹಲವರಿಗೆ ವಕ್ಫ್ ನೆನಪಾಗಬೇಕು. ಖೈಬರಿನಲ್ಲಿ ತಮಗೆ ಸಿಕ್ಕಿದ ಜಮೀನನ್ನು ಹಜರತ್ ಉಮರ್ (ರ) ಪ್ರವಾದಿಯವರ (ಸ) ಸಲಹೆಯಂತೆ ಮಾರಾಟಕ್ಕೂ ಉತ್ತರಾಧಿಕಾರಕ್ಕೂ ಸಿಗದ ಹಾಗೆ ಕಾಯ್ದಿರಿಸಿ, ಅದರ ಫಲ ಬಡವರಿಗೆ, ದಾರಿಹೋಕರಿಗೆ ಸಲ್ಲುವಂತೆ ಮಾಡಿದರು. ಅಸಲು ನಿಲ್ಲಬೇಕು, ಫಲ ಹರಿಯಬೇಕು. ಬೆರಿಯಾದ ಕ್ರೈಸ್ತ ಸ್ಥಾಪಕರಿಗೆ ಈ ಪದ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಯುಕ್ತಿ ಒಂದೇ ಎಂದಷ್ಟೇ ಹೇಳುತ್ತಿದ್ದೇನೆ.

ಒಂದು ತಮಾಷೆಯ ಸಂಗತಿಯನ್ನೂ ಇಲ್ಲಿ ಹೇಳಬೇಕು. 2017ರ ಡಿಸೆಂಬರಿನಲ್ಲಿ ಅಮೆರಿಕ ಹೊಸ ತೆರಿಗೆ ಕಾಯಿದೆ ತಂದಿತು. ವಿದ್ಯಾರ್ಥಿಯೊಬ್ಬರಿಗೆ 5 ಲಕ್ಷ ಡಾಲರಿನಷ್ಟು ಅಥವಾ ಅದಕ್ಕೂ ಹೆಚ್ಚು ಆಸ್ತಿ ಇರುವ ಖಾಸಗಿ ಕಾಲೇಜುಗಳು ಹೂಡಿಕೆಯ ಆದಾಯದ ಮೇಲೆ ಶೇ. 1.4 ತೆರಿಗೆ ಕಟ್ಟಬೇಕು ಎಂದಾಯಿತು. ಹಾರ್ವರ್ಡ್‌ನಂಥ ಶ್ರೀಮಂತ ವಿಶ್ವವಿದ್ಯಾಲಯಗಳಿಗೆ ಹಾಕಿದ ಬಲೆಗೆ ಬಡ ಮಕ್ಕಳ ಬೆರಿಯಾವೂ ಬಿದ್ದಿತು. ಎರಡೇ ತಿಂಗಳಲ್ಲಿ, 2018ರ ಫೆಬ್ರವರಿಯಲ್ಲಿ, ತಿದ್ದುಪಡಿ ಬಂತು. ವಿದ್ಯಾರ್ಥಿಗಳನ್ನು ಎಣಿಸುವ ಜಾಗದಲ್ಲಿ ‘ಶುಲ್ಕ ಕಟ್ಟುವ ವಿದ್ಯಾರ್ಥಿಗಳು’ ಎಂದು ಸೇರಿಸಿದರು. ಬೆರಿಯಾದಲ್ಲಿ ಶುಲ್ಕ ಕಟ್ಟುವವರೇ ಇಲ್ಲವಲ್ಲ, ತೆರಿಗೆಯೂ ತಪ್ಪಿತು.

ಕೆಲಸದಿಂದ ಫೀಸು ಹುಟ್ಟುವುದಿಲ್ಲ ಎಂದಾಯಿತು. ಹಾಗಾದರೆ ಕಡ್ಡಾಯ ಏಕೆ?

ಇದಕ್ಕೆ ಪಕ್ಕದ ಇನ್ನೊಂದು ವ್ಯವಸ್ಥೆಯನ್ನು ನೋಡಬೇಕು. 1964ರಲ್ಲಿ ಅಮೆರಿಕ ಸರಕಾರ ಓದುತ್ತಲೇ ದುಡಿಯುವ ಯೋಜನೆಯೊಂದನ್ನು ತಂದಿತು. ಸಾಮಾನ್ಯ ಕಾಲೇಜುಗಳಲ್ಲಿ ಹಣದ ಅಗತ್ಯವಿರುವ ವಿದ್ಯಾರ್ಥಿಗೆ ಕ್ಯಾಂಪಸ್ಸಿನಲ್ಲಿ ಕೆಲಸ ಕೊಡುತ್ತಾರೆ, ಸಂಬಳದ ದೊಡ್ಡ ಭಾಗವನ್ನು ಸರಕಾರ ಭರಿಸುತ್ತದೆ. ಯೋಜನೆ ಒಳ್ಳೆಯದೇ, ಲಕ್ಷಾಂತರ ಮಂದಿ ಅದರಿಂದ ಓದಿದ್ದಾರೆ. ಆದರೆ ಅದರೊಳಗೆ ಒಂದು ಮುಳ್ಳಿದೆ. ಒಂದೇ ತರಗತಿಯ ಇಬ್ಬರಲ್ಲಿ ಒಬ್ಬ ಊಟದ ಹಾಲಿನಲ್ಲಿ ತಿನ್ನಲು ಕೂರುತ್ತಾನೆ, ಇನ್ನೊಬ್ಬ ಅವನ ತಟ್ಟೆ ಎತ್ತುತ್ತಾನೆ. ತಟ್ಟೆ ಎತ್ತುವವನ ಅಪ್ಪನ ಆದಾಯ ಎಷ್ಟಿರಬಹುದು ಎಂಬುದು ಇಡೀ ಹಾಲಿಗೆ ಗೊತ್ತಾಗುತ್ತದೆ.

ಬೆರಿಯಾದಲ್ಲಿ ಆ ಮುಳ್ಳು ಇಲ್ಲ, ಏಕೆಂದರೆ ತಟ್ಟೆ ಎತ್ತುವುದರಿಂದ ಯಾರ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಈ ವಾರ ಅವನು, ಮುಂದಿನ ವರ್ಷ ಇವಳು. ಎಲ್ಲರೂ ಕಡಿಮೆ ಆದಾಯದ ಮನೆಯವರೇ ಆದ್ದರಿಂದ ಇದು ಸುಲಭವಾಯಿತು ಎಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ಆದರೆ ಇಲಿನಾಯ್ ರಾಜ್ಯದ ಬ್ಲ್ಯಾಕ್‌ಬರ್ನ್ ಕಾಲೇಜಿನಲ್ಲಿ, ನಾರ್ತ್ ಕೆರೊಲಿನಾದ ವಾರನ್ ವಿಲ್ಸನ್ ಕಾಲೇಜಿನಲ್ಲಿ ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಒಟ್ಟಿಗೆ ಓದುತ್ತಾರೆ. ಅಲ್ಲಿಯೂ ಕೆಲಸ ಕ್ಯಾಂಪಸ್ಸಿನ ಬದುಕಿನ ಭಾಗವಾಗಿಯೇ ಬಂದಿದೆ. ಕಡ್ಡಾಯ ಎಂಬ ಪದ ನಮ್ಮ ಕಿವಿಗೆ ಶಿಕ್ಷೆಯ ಹಾಗೆ ಕೇಳಿಸುತ್ತದೆ. ಇಲ್ಲಿ ಅದು ಬಡ ವಿದ್ಯಾರ್ಥಿಗೆ ಹೊದಿಕೆ. ಎಲ್ಲರಿಗೂ ಇರುವುದರಿಂದ ಯಾರಿಗೂ ಅವಮಾನವಿಲ್ಲ. ಮದೀನಾದಲ್ಲಿ ಖಂದಕ್ ತೋಡುವಾಗ ಪ್ರವಾದಿಯವರೂ (ಸ) ಮಣ್ಣು ಹೊತ್ತದ್ದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅವರೇ ಹೊತ್ತಾಗ ಇನ್ನು ಯಾರ ತಲೆಯ ಮೇಲಿನ ಬುಟ್ಟಿಯೂ ಕೀಳಲ್ಲ.

ಮನೆಯಲ್ಲಿ ಉರ್ದು ಮಾತಾಡುವ ನಮಗೆ ಇದಕ್ಕೆ ಎರಡು ಪದಗಳಿವೆ: ಖಿದ್ಮತ್ ಮತ್ತು ಮಜ್ದೂರಿ. ಮನೆಗೆ ಬಂದವರ ಮುಂದೆ ದಸ್ತರ್‌ಖಾನ್ ಹಾಸಿ ಕೈತೊಳೆಯಲು ನೀರು ಹಾಕುವುದು ಖಿದ್ಮತ್. ಅದಕ್ಕೆ ಯಾರೂ ಹಣ ಕೇಳುವುದಿಲ್ಲ, ಕೊಟ್ಟರೆ ಬೇಜಾರಾಗುತ್ತದೆ. ಗಾರೆ ಕೆಲಸಕ್ಕೆ, ಗ್ಯಾರೇಜಿಗೆ ಹೋಗುವುದು ಮಜ್ದೂರಿ. ಅದಕ್ಕೆ ಹಣ ಕೊಡದಿದ್ದರೆ ಜುಲುಮು. ಬೆವರು ಮತ್ತು ಕೂಲಿಯ ಹದೀಸ್ ಎಲ್ಲರಿಗೂ ಗೊತ್ತಿರುವುದೇ. ಕನ್ನಡದಲ್ಲಿ ಸೇವೆ, ಕೂಲಿ ಎನ್ನುತ್ತೇವೆ. ಕನ್ನಡಕ್ಕೆ ಮೂರನೆಯ ಪದವೂ ಒಂದಿದೆ, ಹನ್ನೆರಡನೇ ಶತಮಾನದ ಶರಣರು ಕೊಟ್ಟ ಕಾಯಕ. ಕಾಲೇಜಿನ ಕಡ್ಡಾಯ ಕೆಲಸದ ತೊಂದರೆ ಇರುವುದೇ ಖಿದ್ಮತ್ ಮತ್ತು ಮಜ್ದೂರಿಯ ನಡುವಿನ ಸಂದಿಯಲ್ಲಿ. ಮಾಡಿಸುವವರು ಖಿದ್ಮತ್ ಎಂದು ಕರೆಯುತ್ತಾ ಮಜ್ದೂರಿ ಮಾಡಿಸಿಕೊಳ್ಳಬಹುದು. ಹೆಸರು ಎಷ್ಟು ಒಳ್ಳೆಯದಿದೆಯೋ ಅಷ್ಟು ಎಚ್ಚರ ಬೇಕು.

ಈ ಎಚ್ಚರಿಕೆ ಅಮೆರಿಕದ ಇತಿಹಾಸದಲ್ಲೂ ಇದೆ. ಬೆರಿಯಾವನ್ನು 1855ರಲ್ಲಿ ಸ್ಥಾಪಿಸಿದ ಜಾನ್ ಫೀ ಗುಲಾಮಗಿರಿಯ ವಿರೋಧಿ. 1859ರಲ್ಲಿ ಗುಲಾಮರ ಒಡೆಯರು ಆಯುಧ ಹಿಡಿದು ಬಂದು ಅವರನ್ನೂ ಜೊತೆಗಾರರನ್ನೂ ರಾಜ್ಯದಿಂದಲೇ ಓಡಿಸಿದರು. ಅಂತರ್ಯುದ್ಧ ಮುಗಿದ ಮೇಲೆ ಅವರು ಮರಳಿ ಬಂದು ಕಪ್ಪು ಮತ್ತು ಬಿಳಿ ಮಕ್ಕಳನ್ನು, ಹುಡುಗರನ್ನೂ ಹುಡುಗಿಯರನ್ನೂ, ಒಂದೇ ಕಾಲೇಜಿನಲ್ಲಿ ಕೂರಿಸಿದರು. 1904ರಲ್ಲಿ ಕೆಂಟಕಿ ಇದನ್ನು ನಿಷೇಧಿಸುವ ಕಾಯಿದೆ ಮಾಡಿತು. ಕಾಲೇಜು ಸುಪ್ರೀಂ ಕೋರ್ಟಿನವರೆಗೆ ಹೋಗಿ 1908ರಲ್ಲಿ ಸೋತಿತು. ಕಪ್ಪು ವಿದ್ಯಾರ್ಥಿಗಳು ಮತ್ತೆ ಒಳಗೆ ಬರಲು 1950ರವರೆಗೆ ಕಾಯಬೇಕಾಯಿತು.

ಅದೇ ಕಾಲದಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಬುಕರ್ ಟಿ. ವಾಷಿಂಗ್ಟನ್ ಕಪ್ಪು ಮಕ್ಕಳಿಗಾಗಿ ಒಂದು ಶಾಲೆ ನಡೆಸುತ್ತಿದ್ದರು, 1881ರಿಂದ. ಗುಲಾಮಗಿರಿಯಲ್ಲೇ ಹುಟ್ಟಿದವರು ಅವರು. ಹ್ಯಾಂಪ್ಟನ್ ಎಂಬ ಶಾಲೆಗೆ ತಾವು ಸೇರಲು ಹೋದಾಗ ನಡೆದ ಪ್ರವೇಶ ಪರೀಕ್ಷೆಯನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಧ್ಯಾಪಕಿ ಒಂದು ಕೋಣೆ ತೋರಿಸಿ ಗುಡಿಸು ಎಂದರಂತೆ. ಮೂರು ಸಲ ಗುಡಿಸಿ, ನಾಲ್ಕು ಸಲ ಧೂಳು ಒರೆಸಿದರು. ಅಧ್ಯಾಪಕಿ ಕರವಸ್ತ್ರದಿಂದ ಮೇಜು ಉಜ್ಜಿ ನೋಡಿ, ಧೂಳು ಸಿಗದೆ, ಸೇರಿಸಿಕೊಂಡರು. ಅಲ್ಲಿಯೇ ಕಸ ಗುಡಿಸುವ ಕೆಲಸ ಮಾಡಿ ಊಟದ ಖರ್ಚು ತೀರಿಸಿದರು. ಟಸ್ಕೀಗಿಯ ಕಟ್ಟಡಗಳ ಇಟ್ಟಿಗೆಯನ್ನು ವಿದ್ಯಾರ್ಥಿಗಳೇ ಸುಟ್ಟರು. ಮೊದಲ ಮೂರು ಗೂಡುಗಳು ಕೆಟ್ಟುಹೋದವು. ನಾಲ್ಕನೆಯದಕ್ಕೆ ದುಡ್ಡಿಲ್ಲದೆ ವಾಷಿಂಗ್ಟನ್ ತಮ್ಮ ಗಡಿಯಾರವನ್ನು ಗಿರವಿ ಇಟ್ಟರು. ಅದು ಸರಿಯಾಗಿ ಬೆಂದಿತು.

ಇಷ್ಟು ಕೇಳಿದರೆ ಚಪ್ಪಾಳೆ ತಟ್ಟೋಣ ಅನಿಸುತ್ತದೆ. ಆದರೆ ಆ ಮಕ್ಕಳ ತಂದೆತಾಯಂದಿರು ಚಪ್ಪಾಳೆ ತಟ್ಟಲಿಲ್ಲ. ನಾವು ಮಕ್ಕಳನ್ನು ಕಳಿಸಿದ್ದು ಪುಸ್ತಕ ಕಲಿಯಲು, ಕೆಲಸ ಮಾಡಲಲ್ಲ ಎಂದು ಪತ್ರ ಬರೆದರು, ಕೆಲವರು ಖುದ್ದಾಗಿ ಬಂದು ಜಗಳವಾಡಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ತಲೆತಲಾಂತರದಿಂದ ಪುಕ್ಕಟೆ ದುಡಿಸಿಕೊಂಡ ಜನಾಂಗದ ಮಗುವಿನ ಕೈಗೆ ಶಾಲೆಯೂ ಪೊರಕೆ ಕೊಟ್ಟರೆ ಅದು ಪಾಠದ ಹಾಗೆ ಕಾಣುವುದು ಹೇಗೆ? ಡಬ್ಲ್ಯು. ಇ. ಬಿ. ಡು ಬೋಯ್ಸ್ ಎಂಬ ಕಪ್ಪು ವಿದ್ವಾಂಸರು 1903ರ ತಮ್ಮ ಪುಸ್ತಕದಲ್ಲಿ ವಾಷಿಂಗ್ಟನ್ನರ ದಾರಿಯನ್ನು ಗಟ್ಟಿಯಾಗಿ ಟೀಕಿಸಿದರು. ಕೈಕಸುಬಿನ ಮೇಲೆ ಇಷ್ಟು ಒತ್ತು ಕೊಟ್ಟು ಉನ್ನತ ಶಿಕ್ಷಣವನ್ನೂ ಮತದ ಹಕ್ಕನ್ನೂ ಬದಿಗಿಟ್ಟರೆ ಕಪ್ಪು ಜನ ಎಂದಿಗೂ ಕೆಳಗೇ ಉಳಿಯುತ್ತಾರೆ ಎಂಬುದು ಅವರ ವಾದ. ನನ್ನ ಮಟ್ಟಿಗೆ ಇಬ್ಬರಲ್ಲಿ ಡು ಬೋಯ್ಸ್ ಮಾತೇ ಹೆಚ್ಚು ತೂಕದ್ದು, ಇಟ್ಟಿಗೆಯ ಕಥೆ ಎಷ್ಟೇ ಚೆನ್ನಾಗಿದ್ದರೂ.

ನಮ್ಮ ದೇಶದಲ್ಲೂ ಇದೇ ಚರ್ಚೆ ನಡೆದಿದೆ, ಮತ್ತು ಅದರ ನಡುವೆ ಇದ್ದವರು ನಾವು ಹೆಮ್ಮೆಯಿಂದ ನೆನೆಯುವ ಒಬ್ಬ ಅಧ್ಯಾಪಕರು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಶಿಕ್ಷಣ ಸಮ್ಮೇಳನ ಕರೆದರು. ಮಕ್ಕಳು ನೂಲುವುದು, ನೇಯುವುದು, ಕೃಷಿ ಇಂಥ ಒಂದು ಕಸುಬಿನ ಮೂಲಕವೇ ಎಲ್ಲ ವಿಷಯಗಳನ್ನೂ ಕಲಿಯಬೇಕು, ಅವರು ತಯಾರಿಸಿದ್ದನ್ನು ಮಾರಿ ಶಾಲೆಯ ಖರ್ಚು ಹೊರಡಬೇಕು ಎಂಬುದು ಅವರ ಯೋಚನೆ. ಯೋಜನೆ ರೂಪಿಸಲು ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಡಾ. ಜಾಕಿರ್ ಹುಸೇನ್, ಆಗ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಮುಖ್ಯಸ್ಥರು, ಮುಂದೆ 1967ರಲ್ಲಿ ದೇಶದ ರಾಷ್ಟ್ರಪತಿ. ಜಾಮಿಯಾದ ಅಧ್ಯಾಪಕರು ಆಗ ಸುಖದಲ್ಲಿರಲಿಲ್ಲ. ತಿಂಗಳಿಗೆ 150 ರೂಪಾಯಿ ಮೀರದ ಸಂಬಳಕ್ಕೆ ಇಪ್ಪತ್ತು ವರ್ಷ ದುಡಿಯುತ್ತೇವೆ ಎಂದು ಪ್ರತಿಜ್ಞೆ ಮಾಡಿದವರು ಅವರು.

ಆ ಸಮ್ಮೇಳನದಲ್ಲಿ ಅರ್ಥಶಾಸ್ತ್ರಜ್ಞ ಕೆ. ಟಿ. ಶಾ ಗಾಂಧೀಜಿಯ ಎದುರೇ ಆಕ್ಷೇಪ ಎತ್ತಿದರು. ಶಾಲೆಯ ಮಕ್ಕಳು ಮಾಡಿದ ಸಾಮಾನು ಮಾರುಕಟ್ಟೆಗೆ ಬಂದರೆ ಅದನ್ನೇ ಮಾಡಿ ಹೊಟ್ಟೆ ಹೊರೆಯುವ ಕುಶಲಕರ್ಮಿಯ ಗತಿ ಏನು ಎಂಬುದು ಅದರ ಒಂದು ಮುಖ್ಯ ಅಂಶ. ಜಾಕಿರ್ ಹುಸೇನರೂ ಸುಮ್ಮನೆ ತಲೆಯಾಡಿಸಲಿಲ್ಲ. ಕಸುಬಿನ ಮೂಲಕ ಕಲಿಯುವುದನ್ನು ಒಪ್ಪಿದರು. ಶಾಲೆ ತನ್ನ ಖರ್ಚನ್ನು ತಾನೇ ದುಡಿಯಬೇಕು ಎಂಬುದಕ್ಕೇ ಒತ್ತು ಬಿದ್ದರೆ ಅಧ್ಯಾಪಕರು ಬಡ ಮಕ್ಕಳನ್ನು ದುಡಿಸುವ ಗುಲಾಮರ ಮೇಸ್ತ್ರಿಗಳಾಗುತ್ತಾರೆ ಎಂದು ಎಚ್ಚರಿಸಿದರು. ಬೆರಿಯಾದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಫೀಸಿನ ಭಾರವನ್ನು ನಿಧಿ ಹೊತ್ತಿದೆ. ಆದ್ದರಿಂದ ಮೇಲ್ವಿಚಾರಕರಿಗೆ ವಿದ್ಯಾರ್ಥಿಯಿಂದ ಲಾಭ ಹಿಂಡುವ ಒತ್ತಡವಿಲ್ಲ. ಕೆಲಸ ಕಲಿಕೆಯಾಗಿ ಉಳಿದಿರುವುದಕ್ಕೆ ಕಾರಣ ಕೆಲಸದ ಮಹಿಮೆಯಲ್ಲ, ಕೆಲಸದ ಹಿಂದೆ ಬ್ಯಾಂಕಿನಲ್ಲಿರುವ ಹಣ. ನಿಧಿ ಇಲ್ಲದ ಸಂಸ್ಥೆ ಬೆರಿಯಾದ ಕೆಲಸವನ್ನು ಮಾತ್ರ ನಕಲು ಮಾಡಿದರೆ ಅದು ಜಾಕಿರ್ ಹುಸೇನರು ಹೆದರಿದ ಜಾಗಕ್ಕೇ ಹೋಗಿ ನಿಲ್ಲುತ್ತದೆ.

ಕೆಲಸ ಹಂಚುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಕ್ಯಾಲಿಫೋರ್ನಿಯಾದ ಮರುಭೂಮಿಯ ಕಣಿವೆಯೊಂದರಲ್ಲಿ ಡೀಪ್ ಸ್ಪ್ರಿಂಗ್ಸ್ ಎಂಬ ಎರಡು ವರ್ಷದ ಪುಟ್ಟ ಕಾಲೇಜಿದೆ. ವಿದ್ಯುತ್ ಉದ್ಯಮಿ ಎಲ್. ಎಲ್. ನನ್ 1917ರಲ್ಲಿ ಕಟ್ಟಿದ್ದು. ಮೂವತ್ತು ವಿದ್ಯಾರ್ಥಿಗಳೂ ಇರುವುದಿಲ್ಲ, ಫೀಸೂ ಇಲ್ಲ. 2018ರವರೆಗೆ ಹುಡುಗರಿಗೆ ಮಾತ್ರ ಪ್ರವೇಶವಿತ್ತು. ವಾರಕ್ಕೆ 20 ಗಂಟೆ ಕೆಲಸ: ಹಾಲು ಕರೆಯುವುದು, ದನ ಕಾಯುವುದು, ಹುಲ್ಲಿನ ಹೊಲಕ್ಕೆ ನೀರು ಬಿಡುವುದು, ಅಡುಗೆ. ಅಲ್ಲಿ ಯಾರಿಗೆ ಯಾವ ಕೆಲಸ ಎಂದು ನಿರ್ಧರಿಸುವುದು ವಿದ್ಯಾರ್ಥಿಗಳೇ ಆರಿಸಿದ ಒಬ್ಬ ವಿದ್ಯಾರ್ಥಿ. ಬ್ಲ್ಯಾಕ್‌ಬರ್ನಿನಲ್ಲೂ ಕೆಲಸದ ವ್ಯವಸ್ಥೆಯನ್ನು ನಡೆಸುವವರು ವಿದ್ಯಾರ್ಥಿಗಳೇ. ಪಟ್ಟಿ ಬರೆಯುವವನ ಹೆಸರೂ ಪಟ್ಟಿಯಲ್ಲಿ ಇರುತ್ತದೆ.

ಪಟ್ಟಿ ಬರೆಯುವವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ನೋಡಿದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಸರಕಾರಿ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬಯಲಾಯಿತು. ಸಿಬ್ಬಂದಿ ಅಮಾನತಾದರು, ಪೊಲೀಸ್ ಪ್ರಕರಣ ದಾಖಲಾಯಿತು. 2013ರ ಕಾಯಿದೆಯ ಪ್ರಕಾರ ದೊಡ್ಡವರನ್ನೂ ಹಾಗೆ ಇಳಿಸುವಂತಿಲ್ಲ. ಅಲ್ಲಿ ಮಾಡಿಸಿದ್ದು ಕೆಲಸವೇ ಅಲ್ಲ, ಅದರ ಜೊತೆ ಬೆರಿಯಾದ ಪೊರಕೆಯನ್ನು ಹೋಲಿಸಲೇಬಾರದು ಎಂದು ನೀವು ಹೇಳಬಹುದು. ನಾನು ಹೋಲಿಸುವುದು ಕೆಲಸವನ್ನಲ್ಲ, ಆಯ್ಕೆಯನ್ನು. ಯಾವ ಮಕ್ಕಳನ್ನು ಕರೆದರು, ಯಾರನ್ನು ಕರೆಯಲಿಲ್ಲ ಎಂಬುದನ್ನು ನೋಡಿದರೆ ಅಲ್ಲಿ ಹೇಳಿಕೊಟ್ಟ ಪಾಠ ಯಾವುದೆಂದು ಗೊತ್ತಾಗುತ್ತದೆ. ಹುಡುಗಿಯರಿಗೆ ಮಾತ್ರ ಗುಡಿಸುವ ಕೆಲಸ, ಹುಡುಗರಿಗೆ ಮಾತ್ರ ಬ್ಯಾಂಕಿಗೆ ಹೋಗುವ ಕೆಲಸ ಕೊಡುವ ಕಡೆಯೂ ಇದೇ ಪಾಠದ ಸಣ್ಣ ರೂಪ ನಡೆಯುತ್ತಿರುತ್ತದೆ.

ಇನ್ನು ನಮ್ಮಂಥ ಕಾಲೇಜುಗಳ ಮಾತು. ಇಲ್ಲಿ ಒಂದು ವ್ಯತ್ಯಾಸ ಮರೆಯಬಾರದು. ಬೆರಿಯಾದವರು ಸಾಮಾನ್ಯವಾಗಿ ಹದಿನೆಂಟು ದಾಟಿದವರು, ಪಿಯುಸಿಯ ನಾವು ಹದಿನಾರು ಹದಿನೇಳರವರು. 14ರಿಂದ 18ರವರೆಗಿನವರನ್ನು ಕಾನೂನು ಕಿಶೋರರು ಎಂದು ಕರೆಯುತ್ತದೆ, ಅಪಾಯದ ಕೆಲಸಗಳಲ್ಲಿ ದುಡಿಸುವುದನ್ನು ನಿಷೇಧಿಸುತ್ತದೆ. ದ್ವಿತೀಯ ಪಿಯುಸಿಯಲ್ಲಿ ವಾರಕ್ಕೆ 10 ಗಂಟೆಯ ಅವಕಾಶ ವೆಚ್ಚ ಎಷ್ಟು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಮೂರು ಗಂಟೆ ಎಂದುಕೊಳ್ಳೋಣ.

120 ಮಂದಿ ಇರುವ ಒಂದು ಹಾಸ್ಟೆಲ್. ತಲಾ ವಾರಕ್ಕೆ 3 ಗಂಟೆ, ವರ್ಷಕ್ಕೆ 30 ವಾರ. ಒಟ್ಟು 10,800 ಗಂಟೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿಯುವ ಒಬ್ಬ ನೌಕರರದು 2,400 ಗಂಟೆ. ಭಾಗಿಸಿದರೆ ನಾಲ್ಕೂವರೆ ನೌಕರರು. ಬೆರಿಯಾಕ್ಕೆ ಇದೇ ಲೆಕ್ಕ ಹಾಕಿದರೆ, 1,500 ಮಂದಿ ತಲಾ 300 ಗಂಟೆ ಎಂದರೆ 4,50,000 ಗಂಟೆ. ಅಮೆರಿಕದಲ್ಲಿ ಪೂರ್ಣಾವಧಿ ನೌಕರಿಗೆ ವರ್ಷಕ್ಕೆ ಸುಮಾರು 2,000 ಗಂಟೆ, ಹಾಗಾಗಿ 225 ನೌಕರರ ಸಮ. ಕೆ. ಟಿ. ಶಾ ಕೇಳಿದ ಪ್ರಶ್ನೆ ಇಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಆ ನಾಲ್ಕೂವರೆ ಮಂದಿ ಯಾರು?

ಹಾಸ್ಟೆಲ್ ಇರುವ ಊರಲ್ಲಿ ಅವರು ಯಾರೆಂದು ನಮಗೆ ಗೊತ್ತು. ಬೆಳಗಿನ ಜಾವಕ್ಕೆ ಬಂದು ಪಾತ್ರೆ ತೊಳೆಯುವ ಖಾಲಾ. ಅಂಗಳ ಗುಡಿಸುವ ಅಮ್ಮ. ತರಕಾರಿ ಹೆಚ್ಚುವ, ಮಧ್ಯದಲ್ಲೇ ಓದು ಬಿಟ್ಟ ನಮ್ಮದೇ ವಯಸ್ಸಿನ ಹುಡುಗ. ವಿದ್ಯಾರ್ಥಿಗಳಿಗೆ ದುಡಿಮೆಯ ಗೌರವ ಕಲಿಸುತ್ತೇವೆ ಎಂದು ಅವರ ಕೆಲಸವನ್ನು ನಮಗೆ ಹಂಚಿದರೆ ನಾವು ಗೌರವ ಕಲಿಯುವುದು ಖಾಲಾರ ತಿಂಗಳ ಸಂಬಳದಿಂದ. ಬಜೆಟ್ಟಿನಲ್ಲಿ ಅದು ಉಳಿತಾಯ ಎಂದು ಕಾಣುತ್ತದೆ, ಮತ್ತು ಅದೇ ಭಯ.

ಆದ್ದರಿಂದ ತಿಂದ ತಟ್ಟೆಯನ್ನು ಪ್ರತಿಯೊಬ್ಬರೂ ತೊಳೆದಿಡುವುದು, ಮಲಗುವ ಕೋಣೆಯನ್ನು ಸರದಿಯಂತೆ ಗುಡಿಸುವುದು ಇದು ಕೆಲಸದ ಪಟ್ಟಿಗೆ ಬರುವುದೇ ಬೇಡ. ಅದು ಮನೆಯಲ್ಲೂ ಮಾಡಬೇಕಾದದ್ದು, ಹುಡುಗರೂ ಸೇರಿ. ಪಟ್ಟಿಗೆ ಬರಬೇಕಾದದ್ದು ಈಗ ಯಾರೂ ಸಂಬಳ ಪಡೆಯದ, ಆದ್ದರಿಂದ ಯಾರೂ ಮಾಡದ ಕೆಲಸಗಳು. ಸಂಜೆ ಆರರ ನಂತರ ಗ್ರಂಥಾಲಯ ತೆರೆದಿಡುವುದು. ಉರ್ದು ಮಾಧ್ಯಮದಿಂದ ಬಂದು ಕನ್ನಡ ಪತ್ರಿಕೆಗೆ ಹೆದರುವ ಪ್ರಥಮ ಪಿಯುಸಿಯವರ ಜೊತೆ ವಾರಕ್ಕೆ ಎರಡು ಸಂಜೆ ಕೂರುವುದು, ಅವರಿಂದ ಉರ್ದು ಅಕ್ಷರ ಕಲಿಯುವುದೂ ಅದರಲ್ಲೇ ಆಗುತ್ತದೆ. ವಿಜ್ಞಾನ ವಿಭಾಗದವರು ಪ್ರಯೋಗಾಲಯದ ಸಾಮಾನು ಪಟ್ಟಿ ಮಾಡಬಹುದು. ತಿಂಗಳಿಗೊಮ್ಮೆ ಚೀಟಿ ಎತ್ತಿ ಕೆಲಸ ಬದಲಿಸಬಹುದು, ಪಟ್ಟಿ ಬರೆಯುವವರ ಹೆಸರನ್ನೂ ಚೀಟಿಯ ಡಬ್ಬಿಗೆ ಹಾಕಿ.

ವಾಣಿಜ್ಯದವರಿಗೆ ಮೆಸ್ಸಿನ ಲೆಕ್ಕ. ಅಕ್ಕಿ, ಬೇಳೆ, ಎಣ್ಣೆ ಎಷ್ಟು ಬಂತು, ಎಷ್ಟು ಹೋಯಿತು, ಉಗ್ರಾಣದಲ್ಲಿ ಎಷ್ಟು ಉಳಿಯಿತು ಎಂಬ ಸ್ಟಾಕ್ ರಿಜಿಸ್ಟರ್ ಬರೆಯುವುದು, ತಿಂಗಳ ಕೊನೆಗೆ ತಲಾ ಖರ್ಚು ತೆಗೆದು ನೋಟಿಸ್ ಬೋರ್ಡಿಗೆ ಹಚ್ಚುವುದು. ಪಠ್ಯದಲ್ಲಿ ಕಾಲ್ಪನಿಕ ವ್ಯಾಪಾರಿಗಳ ಪುಸ್ತಕ ಬರೆದು ಬರೆದು ಸಾಕಾದವರಿಗೆ ಇದು ನಿಜವಾದ ಪುಸ್ತಕ. ಅದರಲ್ಲಿ ನೌಕರರ ಸಂಬಳಕ್ಕೆ ಒಂದು ಪುಟ ಬೇರೆಯೇ ಇರಲಿ, ಪ್ರತಿ ತಿಂಗಳು ಯಾವ ತಾರೀಕಿಗೆ ಕೈಸೇರಿತು ಎಂಬ ಕಾಲಂ ಸಮೇತ.